ಅವ್ವನ ಸಮಾಧಿಗೆ ಗರಿಕೆ ಬಿತ್ತಿದ್ದು

ಅವ್ವ ತೀರಿಕೊಂಡದ್ದು ಸಂಕ್ರಾಂತಿ ಕಳೆದ ಮೇಲೆ, ಮನೆಯಲ್ಲಿ ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರದ ದಿನಗಳಲ್ಲಿ. ಶಿವಗಣಾರಾಧನೆಯ ದಿನ ಬಂದವರೆಲ್ಲ ಊಟ ಮಾಡಿ ಹೊರಟ ಮೇಲೆ ವಿಜಯನಗರದ ಅಣ್ಣನ ಮನೆಯ ಹಾಲಿನಲ್ಲಿ ನಾವು ಮೂವರೇ ಉಳಿದೆವು: ಅಣ್ಣ, ಅತ್ತಿಗೆ, ನಾನು. ಬಾಡಿಗೆ ಕುರ್ಚಿಗಳನ್ನು ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ. ಅಣ್ಣ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಫೋನಿನಲ್ಲಿ ಗ್ರಾನೈಟ್ ಕಲ್ಲುಗಳ ಚಿತ್ರ ತೋರಿಸತೊಡಗಿದ.

"ಕರೀದು ಚೆನ್ನಾಗಿದೆ. ಮೇಲೆ ಸಣ್ಣ ಲಿಂಗ, ಮುಂದೆ ಹೆಸರು. ಸುತ್ತ ಕಲ್ಲು ಹಾಸಿದ್ರೆ ಒಂದು ಹುಲ್ಲುಕಡ್ಡೀನೂ ಹುಟ್ಟಲ್ಲ," ಅಂದ.

"ನಂಗೆ ಹುಲ್ಲೇ ಬೇಕು ಅಣ್ಣ," ಅಂದೆ.

ಮುಂಚೆ ಯೋಚಿಸಿಟ್ಟುಕೊಂಡು ಆಡಿದ ಮಾತಲ್ಲ. ಆ ಕರಿಯ ಕಲ್ಲಿನ ನುಣುಪು ನೋಡಿದಾಗ ಬಾಯಿಗೆ ಬಂತು, ಅಷ್ಟೆ.

"ಹುಲ್ಲಾ?"

"ಲಾನ್ ಥರ. ಸಣ್ಣದಾಗಿ, ಒತ್ತಾಗಿ. ಪಾರ್ಕಲ್ಲಿ ಇರತ್ತಲ್ಲ, ಹಂಗೆ."

ಅತ್ತಿಗೆ ಬಾಳೆಲೆಗಳನ್ನು ಚೀಲಕ್ಕೆ ತುಂಬುತ್ತಿದ್ದವರು ತಲೆ ಎತ್ತಿದರು. "ಸಮಾಧಿ ಮೇಲೆ ಹುಲ್ಲು ಬೆಳೀತು ಅಂದ್ರೆ ಮಕ್ಕಳು ಆ ಕಡೆ ತಲೆ ಹಾಕಿಲ್ಲ ಅಂತಾರೆ ಜನ," ಅಂದರು. ಅದು ಸುಳ್ಳೇನಲ್ಲ. ಹುಲ್ಲು ಬೆಳೆದ ಮನೆ, ಹುಲ್ಲು ಬೆಳೆದ ದಾರಿ ಅಂದರೆ ನಮ್ಮ ಮಾತಿನಲ್ಲಿ ಗತಿಯಿಲ್ಲದ್ದು ಎಂದೇ ಅರ್ಥ.

ಅಣ್ಣ ಬೇರೆಯದೇ ಮಾತು ಎತ್ತಿದ. "ಅವ್ವ ಅಂಗಳದಲ್ಲಿ ಒಂದು ಹುಲ್ಲು ಉಳಿಸ್ತಿದ್ಲೇನೇ? ಬೆಳಗ್ಗೆ ಎದ್ದು ಮೊದಲು ಮಾಡ್ತಿದ್ದ ಕೆಲಸ ಅದನ್ನ ಕೀಳೋದು. ಈಗ ಅವಳ ಮೇಲೇ ಬೆಳೆಸ್ತೀನಿ ಅಂತೀಯ."

ರಾಜಾಜಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮುಂದೆ ನಾಲ್ಕು ಹೆಜ್ಜೆಯಷ್ಟು ಮಣ್ಣಿನ ಅಂಗಳವಿತ್ತು. ಅವ್ವ ದಾವಣಗೆರೆ ಕಡೆಯವಳು. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವಳು ಆ ನಾಲ್ಕು ಹೆಜ್ಜೆ ನೆಲವನ್ನು ಸಗಣಿ ಸಾರಿಸಿ ಹೊಳೆಯುವ ಹಾಗೆ ಇಟ್ಟುಕೊಂಡಿದ್ದಳು. ಗೋಡೆಯ ಬುಡದಲ್ಲಿ ಹಸಿರು ಕಂಡರೆ ಹಳೆಯ ಚಾಕು ತಂದು ಬೇರು ಸಮೇತ ಕೆರೆಯುತ್ತಿದ್ದಳು. ಇದು ನನಗೂ ನೆನಪಿದೆ. ಆದರೆ ನನಗೆ ಇನ್ನೊಂದು ನೆನಪಿತ್ತು, ಅಣ್ಣನಿಗೆ ಅದಿರಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ಬಸವೇಶ್ವರನಗರದ ನನ್ನ ಮನೆಗೆ ಬಂದಳು. ಕಾಲೇಜಿನಲ್ಲಿ ಪಾಠ ಮುಗಿಸಿ ನಾನು ಮನೆಗೆ ಬರುವ ಹೊತ್ತಿಗೆ ಸೀರೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮುಂದಿನ ಬೀದಿಯ ಪಾರ್ಕಿಗೆ ನಮ್ಮದು ದಿನದ ಪಯಣ. ಒಂದು ಸುತ್ತು ನಡೆದರೆ ಅವಳಿಗೆ ಸಾಕು. ಆಮೇಲೆ ಲಾನಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಕಾಲು ಚಾಚಿ ಕೂತುಬಿಡುತ್ತಿದ್ದಳು. ಎರಡೂ ಅಂಗೈಯನ್ನು ಹುಲ್ಲಿನ ಮೇಲೆ ಊರಿಕೊಂಡು, ಹಸುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದಳು.

"ನಾನು ಇಲ್ಲೇ ಕುಂತಿರ್ತೀನಿ ಕಣವ್ವ. ನೀ ಬೇಕಾರೆ ಇನ್ನೊಂದು ಸುತ್ತು ಹಾಕ್ಕಂಡು ಬಾ," ಅನ್ನುತ್ತಿದ್ದಳು.

ಹುಲ್ಲಿನ ಮೇಲೆ ನಡೆಯಬಾರದೆಂಬ ಬೋರ್ಡು ಅವಳ ತಲೆಯ ಮೇಲೇ ಇತ್ತು. ಒಂದು ದಿನ ಕಾವಲಿನವನು ಬಂದು, "ಅಜ್ಜಿ, ಬೋರ್ಡ್ ಓದೋಕೆ ಬರಲ್ವಾ?" ಅಂದ. ಅವ್ವ ಕತ್ತು ಮೇಲೆತ್ತಿ ಒಂದೊಂದೇ ಅಕ್ಷರ ಓದಿದಳು. "ನಡೀಬೇಡಿ ಅಂತ ಐತೆ. ನಾನು ನಡೀತಿಲ್ಲಪ್ಪ, ಕುಂತೀನಿ," ಅಂದಳು. ಅವನು ನಕ್ಕು ಹೋದ. ಅಲ್ಲಿಂದ ಮುಂದೆ ಅವಳನ್ನು ಯಾರೂ ಎಬ್ಬಿಸಲಿಲ್ಲ. ನಾನು ಎಬ್ಬಿಸಬೇಕಿತ್ತು, ಕತ್ತಲಾಗುವ ಮುಂಚೆ. ಎದ್ದಾಗ ಅವಳ ಅಂಗೈಯಲ್ಲಿ ಹುಲ್ಲಿನ ಗೆರೆಗಳು ಮೂಡಿರುತ್ತಿದ್ದವು.

ಅಣ್ಣನ ಅವ್ವ ಹುಲ್ಲು ಕೀಳುವವಳು, ನನ್ನ ಅವ್ವ ಹುಲ್ಲಿನ ಮೇಲೆ ಕೂರುವವಳು. ಆ ದಿನ ಅದನ್ನು ಹೀಗೆ ಬಿಡಿಸಿ ಹೇಳುವಷ್ಟು ತಿಳಿವು ನನಗಿರಲಿಲ್ಲ. ಸುಮ್ಮನೆ ಹಟ ಹಿಡಿದೆ. ಅಣ್ಣ ಕೊನೆಗೆ ಫೋನು ಜೇಬಿಗೆ ಹಾಕಿಕೊಂಡ.

"ಕಲ್ಲಾಗ್ಲಿ ಹುಲ್ಲಾಗ್ಲಿ, ಈಗಲೇ ಏನೂ ಮಾಡೋಕಾಗಲ್ಲ. ಒಂದು ಮಳೆಗಾಲ ಮಣ್ಣು ಕೂರ್ಬೇಕು," ಅಂದ.

ಅವನು ಸರ್ಕಾರಿ ಎಂಜಿನಿಯರಾಗಿ ರಸ್ತೆ, ಸೇತುವೆ ಮಾಡಿಸಿ ನಿವೃತ್ತನಾದವನು. ಮಣ್ಣಿನ ವಿಷಯ ಅವನಿಗೆ ಗೊತ್ತು. ಆದರೂ ನಾನು ಅದನ್ನು ಮಾತು ಮುಂದೂಡುವ ಉಪಾಯ ಅಂದುಕೊಂಡೆ.

ನಮ್ಮವರಲ್ಲಿ ಸುಡುವುದಿಲ್ಲ. ಗುಂಡಿಯಲ್ಲಿ ಗೂಡು ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ, ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮಣ್ಣು ಮುಚ್ಚುತ್ತಾರೆ. ಕೆಂಗೇರಿಯಿಂದಾಚೆ ಇರುವ ಸಮಾಜದ ರುದ್ರಭೂಮಿಯಲ್ಲಿ, ಒಂದು ಹೊಂಗೆ ಮರದ ಪಕ್ಕದಲ್ಲಿ, ಅವ್ವನ ಜಾಗ ಒಂದು ಮಂಚದಷ್ಟು ಅಗಲವಿತ್ತು. ಅಕ್ಕಪಕ್ಕವೆಲ್ಲ ಕಲ್ಲು. ಅವಳದು ಮಾತ್ರ ಕೆಂಪು ಮಣ್ಣಿನ ದಿಬ್ಬ. ಭಾನುವಾರ ಮೆಟ್ರೊ ಹಿಡಿದು ಹೋಗಿ ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಅದು ಇನ್ನಷ್ಟು ಬರಿದಾಗಿ ಕಾಣುತ್ತಿತ್ತು. ಮಳೆಗಾಲದವರೆಗೆ ಕಾಯುವುದು ನನ್ನ ಕೈಲಾಗಲಿಲ್ಲ.

ನಾಗರಬಾವಿ ಹತ್ತಿರ ರಿಂಗ್ ರೋಡಿನ ಪಕ್ಕದ ಒಂದು ನರ್ಸರಿಗೆ ಹೋದೆ. ಅಲ್ಲಿದ್ದ ಯುವಕ ಚಾಪೆಯ ಹಾಗೆ ಸುತ್ತಿಟ್ಟ ಹುಲ್ಲು ತೋರಿಸಿದ.

"ಬೀಜ ಯಾಕೆ ಮೇಡಂ? ಇದನ್ನ ತಗೊಂಡು ಹಾಸಿದ್ರೆ ಆಯ್ತು. ಸಂಜೆಗೇ ಲಾನ್. ಜಾಗ ಎಷ್ಟಿದೆ?"

"ಒಂದು ಮಂಚದಷ್ಟು."

"ಅಷ್ಟೇನಾ? ಬಿಸಿಲು ಬರತ್ತಾ?"

"ಮುಕ್ಕಾಲು ಭಾಗ ಬರತ್ತೆ."

"ಮಕ್ಕಳು ಮರಿ ಓಡಾಡ್ತಾರಾ?"

"ಇಲ್ಲಪ್ಪ. ಅಲ್ಲಿ ಯಾರೂ ತುಳಿಯಲ್ಲ."

ಎಲ್ಲಿಗೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾವುದೋ ಹೊಲದಲ್ಲಿ ಬೆಳೆದದ್ದನ್ನು ಕಂಬಳಿಯ ಹಾಗೆ ತಂದು ಅವಳ ಮೇಲೆ ಹೊದಿಸುವುದು ನನಗೆ ಒಗ್ಗಲಿಲ್ಲ. ಬೀಜವೇ ಇರಲಿ ಅಂದೆ. ಅವನು ಒಳಗಿನಿಂದ ಒಂದು ಪ್ಯಾಕೆಟ್ಟು ತಂದುಕೊಟ್ಟ. ಅದರ ಮೇಲೆ ಇಳಿಜಾರು ಹೆಂಚಿನ ಒಂದು ಬಂಗಲೆ, ಮುಂದೆ ಕಣ್ಣು ಕೋರೈಸುವ ಹಸಿರು. ಬಂಗಲೆಯ ಹಿಂದೆ ಹಿಮದ ಬೆಟ್ಟವೂ ಇತ್ತು. ನಾನು ಹಸಿರನ್ನಷ್ಟೇ ನೋಡಿದೆ.

ಶಿವರಾತ್ರಿಯ ಹಿಂದಿನ ಭಾನುವಾರ ಬಿತ್ತಿದೆ. ಗೇಟಿನ ಬಳಿಯ ತೊಟ್ಟಿಯಿಂದ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ನೀರು ಹೊತ್ತು, ಕೈಯಲ್ಲೇ ಚಿಮುಕಿಸಿದೆ. ಸಂಜೆ ಕಾಲೇಜು ಬಿಟ್ಟ ಮೇಲೆ ವಾರದ ನಡುವೆಯೂ ಹೋಗುತ್ತಿದ್ದೆ. ಮುಂದಿನ ವಾರಕ್ಕೇ ಮೊಳಕೆ ಬಂದವು. ಎಳೆಮಗುವಿನ ನೆತ್ತಿಯ ಕೂದಲಿನ ಹಾಗೆ, ಗಾಳಿ ಊದಿದರೆ ಬಾಗುವಷ್ಟು ನಯ. ಬಗ್ಗಿ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. "ನೋಡೋಣ," ಅಂತ ಉತ್ತರ ಬಂತು.

ಬಿಸಿಲು ಏರಿತು. ತೊಟ್ಟಿಯ ನೀರು ತಳ ಕಂಡಿತು. ಹುಲ್ಲಿನ ತುದಿ ಮೊದಲು ಹಳದಿಗೆ ತಿರುಗಿತು. ಯುಗಾದಿಗೆ ಅಣ್ಣನ ಜೊತೆ ಹೋದಾಗ ಅಲ್ಲಿ ಉಳಿದದ್ದು ಬೆಂಕಿ ಮುಟ್ಟಿಸಿದರೆ ಭಗ್ಗೆನ್ನುವಂಥ ಒಣ ಎಳೆಗಳು. ಅಣ್ಣ ಒಂದನ್ನು ಕಿತ್ತು ಬೆರಳಲ್ಲಿ ಹೊಸಕಿ ನೋಡಿದ. ಏನಾದರೂ ಅಂದಿದ್ದರೆ ನಾನೂ ಎದುರಾಡುತ್ತಿದ್ದೆ. ಬೇವುಬೆಲ್ಲದ ಪೊಟ್ಟಣ ಅಲ್ಲಿಟ್ಟು ಕೈಮುಗಿದು ಬಂದೆವು.

ನಮ್ಮ ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಹೇಳುತ್ತಿದ್ದೆ, ಪಕ್ಕದ ಮೇಜಿನ ಗೆಳತಿ ಸಸ್ಯಶಾಸ್ತ್ರ. ಇಷ್ಟು ವರ್ಷ ಒಟ್ಟಿಗೆ ಡಬ್ಬಿ ಬಿಚ್ಚಿ ಊಟ ಮಾಡಿದ್ದರೂ ಗಿಡದ ವಿಷಯ ಅವಳನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಖಾಲಿ ಪ್ಯಾಕೆಟ್ಟು ತೋರಿಸಿದೆ. ಹಿಂದುಗಡೆಯ ಸಣ್ಣ ಅಕ್ಷರ ಓದಿ ಅವಳು ಹೇಳಿದಳು:

"ಇದು ಚಳಿ ದೇಶದ ಹುಲ್ಲು ಕಣೇ. ಬೇಗ ಬರತ್ತೆ, ನಮ್ಮ ಏಪ್ರಿಲ್ ಬಿಸಿಲಿಗೆ ಹೋಗತ್ತೆ. ಊಟಿಯಲ್ಲಾದ್ರೆ ನಿಲ್ಲುತ್ತಿತ್ತೇನೋ. ಮಣ್ಣು ಎಂಥದ್ದು?"

ಎಲ್ಲಿಯ ಮಣ್ಣು ಎಂದು ಅವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ತುತ್ತು ಡಬ್ಬಿಯಲ್ಲಿಟ್ಟಳು.

"ಉಪ್ಪು ಹಾಕಿದ್ರಾ?"

"ಹಾಕಿದ್ರು. ಮೂಟೆ ತಂದಿದ್ರು."

"ಮೇಲಿನ ಮಣ್ಣಲ್ಲೂ ಒಂದಿಷ್ಟು ಸೇರಿರತ್ತೆ. ಎರಡು ಮೂರು ಜೋರು ಮಳೆ ಬಂದು ಅದು ಕೆಳಗಿಳೀಬೇಕು. ಆಮೇಲೆ ಗರಿಕೆ ಹಾಕು. ಅದು ಉಪ್ಪಿಗೂ ತಡೆಯತ್ತೆ, ಬಿಸಿಲಿಗೂ ತಡೆಯತ್ತೆ. ನೆರಳೊಂದು ಆಗಲ್ಲ ಅದಕ್ಕೆ."

"ಗಣಪತಿಗೆ ಇಡೋ ಗರಿಕೇನಾ?"

"ಅದೇ. ಪಾರ್ಕಲ್ಲಿ ನಿಮ್ಮವ್ವ ಕೂರ್ತಿದ್ರು ಅಂತೀಯಲ್ಲ, ಅದೂ ಅದೇ ಇರಬೇಕು."

ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ಇನ್ನೊಂದು ಹೊಳೆಯಿತು. ರಾಜಾಜಿನಗರದ ಅಂಗಳದಲ್ಲಿ ಅವ್ವ ಚಾಕು ಹಿಡಿದು ಕೆರೆಯುತ್ತಿದ್ದದ್ದೂ ಗರಿಕೆಯನ್ನೇ. ಗೆಣ್ಣುಗೆಣ್ಣಿಗೆ ಬೇರು ಬಿಡುವ ಅದು ಒಂದು ಸಲಕ್ಕೆ ಹೋಗುವಂಥದಲ್ಲ. "ಹಾಳಾದ್ದು, ಮಾತು ಕೇಳಲ್ಲ," ಎಂದು ಬೈಯುತ್ತಲೇ ಕೀಳುತ್ತಿದ್ದಳು. ಅದನ್ನೇ ಕೊಂಡು ತಂದು ಅವಳ ನೆತ್ತಿಯ ಮೇಲೆ ಬಿತ್ತುವುದು ಸರಿಯೇ? ಅಣ್ಣ ಹೇಳಿದ ಮಾತು ಆಗ ನನಗೆ ತಾಗಿತು. ಬೀಜ ಕೊಳ್ಳಲು ಹೋಗಲಿಲ್ಲ. ಮಳೆ ಬರಲಿ, ಆಮೇಲೆ ಯೋಚಿಸೋಣ ಎಂದು ಬಿಟ್ಟುಬಿಟ್ಟೆ.

ಮೇ ತಿಂಗಳಲ್ಲಿ ಮಳೆ ಬಂತು. ಮಧ್ಯಾಹ್ನ ಮೋಡ ಕವಿದು ಸಂಜೆಗೆ ರಸ್ತೆಗಳೆಲ್ಲ ಹೊಳೆಯಾಗುವಂಥ ಮಳೆ, ನಾಲ್ಕೈದು ದಿನ ಬಿಡದೆ ಹೊಡೆಯಿತು. ಒಂದು ಬೆಳಿಗ್ಗೆ ಅಣ್ಣನ ಫೋನು.

"ಎಲ್ಲಿದೀಯ? ಸ್ವಲ್ಪ ಬರ್ತೀಯಾ ಇಲ್ಲಿಗೆ?"

"ಎಲ್ಲಿಗೆ?"

"ಅವ್ವನ ಹತ್ರ."

ನನಗೆ ಹೇಳದೆ ಅವನೊಬ್ಬನೇ ಹೋಗಿದ್ದ. ನಾನು ಹೋಗಿ ಸೇರುವ ಹೊತ್ತಿಗೆ ಹೊಂಗೆ ಮರದ ಕೆಳಗೆ ಕೊಡೆ ಮಡಚಿಕೊಂಡು ನಿಂತಿದ್ದ. ದಿಬ್ಬ ಇರಲಿಲ್ಲ. ಇದ್ದ ಜಾಗದಲ್ಲಿ ನಡುವೆ ತಗ್ಗು ಬಿದ್ದು, ಅದರಲ್ಲಿ ಕೆಂಪು ನೀರು ನಿಂತು, ನೀರಿನ ಮೇಲೆ ಹೊಂಗೆಯ ಹೂ ತೇಲುತ್ತಿತ್ತು.

"ಆಗಲೇಬೇಕಾದ್ದೇ ಇದು," ಅಂದ. "ಒಳಗಿನ ಗೂಡು ಕುಸಿಯತ್ತೆ, ಮೇಲಿನ ಮಣ್ಣು ಇಳಿಯತ್ತೆ. ಗೊತ್ತಿರೋದೇ. ನಾನೇ ಹೇಳಿದ್ದೆನಲ್ಲ ನಿಂಗೆ."

"ಹೇಳಿದ್ದೆ ಅಣ್ಣ."

"ಗೊತ್ತಿರೋದೇ ಇದು," ಅಂತ ಇನ್ನೊಂದು ಸಲ ಅಂದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಎಷ್ಟೋ ಸೇತುವೆಗಳಿಗೆ ಅಡಿಪಾಯ ತೋಡಿಸಿದವನು. ಮಣ್ಣು ಯಾಕೆ ಕುಸಿಯುತ್ತದೆ, ಎಷ್ಟು ಕುಸಿಯುತ್ತದೆ ಎಂದು ಲೆಕ್ಕ ಹಾಕಿ ಹೇಳಬಲ್ಲವನು. ಆ ನೀರನ್ನು ನೋಡಲಾರದೆ ಬೆನ್ನು ತಿರುಗಿಸಿ ನಿಂತ. ನಾನು ಅವನ ಪಕ್ಕಕ್ಕೆ ಹೋಗಿ ತೋಳು ಹಿಡಿದುಕೊಂಡೆ. ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೆ ಹಾಗೆ ಹಿಡಿದದ್ದು ನೆನಪಿಲ್ಲ.

ರುದ್ರಭೂಮಿಯ ಕೆಲಸದವರು ಇಬ್ಬರು ಬಂದು ನೀರು ಎತ್ತಿ ಹಾಕಿದರು. ಹಿಂದುಗಡೆ ಗುಡ್ಡೆ ಹಾಕಿದ್ದ ಕೆಂಪು ಮಣ್ಣನ್ನು ಬಾಂಡಲಿಗಳಲ್ಲಿ ತಂದರು. ಅಣ್ಣ ಪ್ಯಾಂಟು ಮಡಚಿ ತಾನೂ ಹೊತ್ತ. ಬೇಡ ಅಂದರೂ ಕೇಳಲಿಲ್ಲ. ತಗ್ಗು ತುಂಬಿ ಸ್ವಲ್ಪ ಎತ್ತರವೂ ಆದ ಮೇಲೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು.

ಗರಿಕೆಯ ವಿಷಯ ಆಗ ಹೇಳಿದೆ. ಹೇಳಿ, "ಅವ್ವ ಕೀಳ್ತಿದ್ದದ್ದೂ ಅದೇ ಅಂತ ಗೊತ್ತಾದ ಮೇಲೆ ನಂಗೇ ಯಾಕೋ ಹಿಂಜರಿಕೆ," ಅಂದೆ.

ಅಣ್ಣ ಲೋಟದ ತಳದಲ್ಲಿದ್ದ ಕಾಫಿಯನ್ನು ತಿರುಗಿಸುತ್ತ ಕೂತ. "ಅವಳು ಯಾಕೆ ಕೀಳ್ತಿದ್ಲು ಗೊತ್ತಾ ನಿಂಗೆ?"

"ಚೊಕ್ಕಟ ಅಂತ."

"ಚೊಕ್ಕಟಕ್ಕಲ್ಲ ಕಣೇ. ನೀನು ಆಗ ತೊಟ್ಟಿಲಲ್ಲಿದ್ದೆ. ನಮ್ಮನೆ ಪಕ್ಕ ಎರಡೂ ಕಡೆ ಖಾಲಿ ಸೈಟು, ಎದೆಮಟ್ಟ ಹುಲ್ಲು. ಒಂದು ದಿನ ಮಧ್ಯಾಹ್ನ ಅಂಗಳದ ಹುಲ್ಲಿಂದ ಹಾವು ಬಂದು ಹೊಸಿಲು ದಾಟಿ ನಿನ್ನ ತೊಟ್ಟಿಲ ಕೆಳಗೆ ಸುತ್ಕೊಂಡಿತ್ತು. ಅವ್ವ ನನ್ನ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಲು. ನಿನ್ನ ಎತ್ಕೊಂಡು ಹಿಂದೆ ಹಿಂದೆ ನಡೆದು ಹೊರಗೆ ಬಂದ್ಲು. ಅಕ್ಕಪಕ್ಕದವರು ಬಂದು ಅದನ್ನ ಓಡಿಸಿದ್ರು. ಮಾರನೇ ದಿನ ಬೆಳಗ್ಗೆ ಚಾಕು ತಗೊಂಡು ಕೂತ್ಲು ನೋಡು, ಆ ಮನೆ ಬಿಡೋವರೆಗೂ ಬಿಡ್ಲಿಲ್ಲ."

ಈ ಕತೆ ನನಗೆ ಯಾರೂ ಹೇಳಿರಲಿಲ್ಲ. ಅವ್ವನೂ ಹೇಳಿರಲಿಲ್ಲ. ಅಣ್ಣನಿಗೆ ಆಗ ಏಳೋ ಎಂಟೋ ವರ್ಷ. ಅಷ್ಟು ವರ್ಷದಿಂದ ಅದು ಅವನಲ್ಲೇ ಉಳಿದಿತ್ತು. ಪಾರ್ಕಿನಲ್ಲಿ ಅವ್ವ ಕಾಲು ಚಾಚಿ ಕೂರುತ್ತಿದ್ದದ್ದನ್ನು ಆಮೇಲೆ ನಾನು ಅವನಿಗೆ ಹೇಳಿದೆ, ಬೋರ್ಡಿನ ಮಾತು, ಕಾವಲಿನವನಿಗೆ ಕೊಟ್ಟ ಉತ್ತರ ಎಲ್ಲ ಸೇರಿಸಿ. ಅವನು ನಕ್ಕ. "ಕುಂತೀನಿ ಅಂದ್ಲಾ?" ಎಂದು ಕೇಳಿ ಮತ್ತೆ ನಕ್ಕ. ಕಾಯಬೇಕಾದ ಮಕ್ಕಳೆಲ್ಲ ದೊಡ್ಡವರಾದ ಮೇಲೆ ಅವಳಿಗೆ ಹುಲ್ಲಿನ ಹೆದರಿಕೆ ಹೋಗಿರಬೇಕು ಅಂದುಕೊಂಡೆ. ಅಥವಾ ಹುಲ್ಲಿನ ಮೇಲೆ ಅವಳಿಗೆ ಯಾವಾಗಲೂ ಆಸೆ ಇದ್ದೇ ಇತ್ತೇನೋ, ಕೂರಲು ಬಿಡುವಿರಲಿಲ್ಲ ಅಷ್ಟೆ. ಇದನ್ನು ಇನ್ನು ಯಾರನ್ನು ಕೇಳುವುದು?

ಅಲ್ಲಿಂದ ಮುಂದೆ ಬೀಜ ಯಾವಾಗ ಹಾಕಬೇಕು ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಫೋನಿನ ಮೇಲೆ ನಡೆಯಿತು. ನಾನು ಜೂನ್ ಅಂದೆ. ಅಣ್ಣ ಬೇಡ ಅಂದ, ಹೊಸದಾಗಿ ತುಂಬಿದ ಮಣ್ಣು ಇನ್ನೊಂದು ಸಲ ಇಳಿಯುತ್ತದೆ ಅಂತ. ಅವನು ಹೇಳಿದಂತೆ ಇಳಿಯಿತು, ಆದರೆ ಒಂದು ಗೇಣು ಮಾತ್ರ. ಮತ್ತೆ ತುಂಬಿಸಿದೆವು. ಆಷಾಢ ಬಂತು. ಅತ್ತಿಗೆ, "ಆಷಾಢದಲ್ಲಿ ಏನೂ ಶುರು ಮಾಡ್ಬಾರ್ದು," ಅಂದರು. ಆಷಾಢದ ಗಾಳಿಗೆ ಈ ಬೀಜ ಹಾರಿಹೋಗುತ್ತದೆ ಎಂದು ಗೆಳತಿಯೂ ಹೇಳಿದ್ದರಿಂದ ಅತ್ತಿಗೆಯ ಮಾತನ್ನು ತಳ್ಳಿಹಾಕಲಿಲ್ಲ.

"ಶ್ರಾವಣದ ಮೊದಲ ವಾರ," ಅಂತ ಅಣ್ಣ ಕೊನೆಗೆ ತೀರ್ಮಾನ ಕೊಟ್ಟ. "ಜಿಟಿಜಿಟಿ ಮಳೆ ಇರತ್ತೆ, ಬೀಜ ಕೊಚ್ಕೊಂಡು ಹೋಗಲ್ಲ. ನೀನು ದಿನಾ ಬಿಂದಿಗೆ ಹೊರೋದೂ ಬೇಡ. ಹಸ್ತ ಚಿತ್ತೆ ಮಳೆ ಹೊಡೆಯೋ ಹೊತ್ತಿಗೆ ಬೇರು ಹಿಡಿದಿರತ್ತೆ."

ಕಲ್ಲಿನ ಮಾತು ಅವನ ಬಾಯಲ್ಲಿ ಬರಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ.

ಈ ಸಲ ಎರಡು ಅಂಗಡಿಗಳಿಂದ ಬೀಜ ತಂದೆ. ಗರಿಕೆ ಬೀಜ ಚಿರೋಟಿ ರವೆಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ. ನೋಡಿದರೆ ಎರಡೂ ಒಂದೇ. ಗೆಳತಿ ಪರೀಕ್ಷೆ ಮಾಡಿ ಹಾಕು ಅಂದಿದ್ದಳು. ಅವ್ವ ಹೆಸರುಕಾಳು ಮೊಳಕೆ ಕಟ್ಟುತ್ತಿದ್ದ ಹಳೆಯ ಪಂಚೆಯ ತುಂಡು ಅಡುಗೆಮನೆಯ ಡ್ರಾಯರಿನಲ್ಲಿ ಹಾಗೇ ಇತ್ತು. ಅದನ್ನು ಎರಡು ಮಾಡಿ, ಒದ್ದೆ ಮಾಡಿ, ಒಂದೊಂದು ಚಿಟಿಕೆ ಬೀಜ ಹಾಕಿ ಮಡಚಿಟ್ಟೆ. ದಿನವೂ ಬಿಚ್ಚಿ ನೋಡುತ್ತಿದ್ದೆ. ಕೆಲವು ದಿನ ಏನೂ ಇಲ್ಲ. ಆಮೇಲೆ ಒಂದರಲ್ಲಿ ಬಿಳಿಯ ಚುಕ್ಕಿಗಳು ಕಂಡವು, ಮರುದಿನಕ್ಕೆ ಬಟ್ಟೆಯ ತುಂಬ ದಾರದಂಥ ಬೇರು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು, ಉಳಿದದ್ದು ಬೂಸಲು ಹಿಡಿಯಿತು. ಹಳೆಯ ಬೀಜವಿರಬೇಕು. ಎಸೆದೆ.

ಬಿತ್ತುವ ದಿನ ಮೋಡವಿತ್ತು, ಮಳೆಯಿರಲಿಲ್ಲ. ಅಣ್ಣ, ಅತ್ತಿಗೆ, ನಾನು, ಮೂವರೂ ಹೋದೆವು. ಮಣ್ಣಿನ ಮೇಲ್ಭಾಗ ಕೆದಕಿ ಕಲ್ಲು, ಬೇರು ಆಯ್ದೆವು. ಪುಡಿ ಗೊಬ್ಬರ ಬೆರೆಸಿದೆವು. ಬೀಜ ತೀರ ಸಣ್ಣದಾದ್ದರಿಂದ ಮರಳಿನ ಜೊತೆ ಕಲಸಿ, ನಾನು ಉದ್ದಕ್ಕೆ ಒಂದು ಸಲ, ಅಣ್ಣ ಅಡ್ಡಕ್ಕೆ ಒಂದು ಸಲ ಚೆಲ್ಲಿದೆವು. ಮೇಲೆ ತೆಳುವಾಗಿ ಮಣ್ಣು ಉದುರಿಸಿದೆವು. ಅಷ್ಟರವರೆಗೆ ಎಲ್ಲ ಸರಿಯಾಗಿತ್ತು.

"ಈಗ ಒತ್ತಬೇಕು," ಅಂದೆ. ಬೀಜ ಮಣ್ಣಿಗೆ ಅಂಟಿಕೊಂಡರೆ ಮಾತ್ರ ಬೇರು ಇಳಿಯುತ್ತದೆ, ಚೆನ್ನಾಗಿ ತುಳಿಯಿರಿ ಎಂದು ಗೆಳತಿ ಒತ್ತಿ ಹೇಳಿದ್ದಳು. ಉರುಳುಗಲ್ಲಿದ್ದರೆ ಇನ್ನೂ ಒಳ್ಳೆಯದು ಅಂದಿದ್ದಳು.

ಮೂವರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದೆವು. ಯಾರೂ ಕಾಲು ಎತ್ತಲಿಲ್ಲ.

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಕಾಲು ನೋಡಿದೆ. ಲಾನು ಹಾಕುವವರೆಲ್ಲ ಮಾಡುವ ಕೆಲಸ, ಮಕ್ಕಳಾದರೂ ಮಾಡುತ್ತವೆ. ಅದು ನಮ್ಮಿಂದ ಸಾಧ್ಯವಿರಲಿಲ್ಲ. ಕೊನೆಗೆ ಅತ್ತಿಗೆ ಪೂಜೆಗೆ ಕೂರಲು ತಂದಿದ್ದ ಮಣೆಯನ್ನು ಚೀಲದಿಂದ ತೆಗೆದು ಅಣ್ಣನ ಕೈಗೆ ಕೊಟ್ಟರು. ಅವನು ಮಂಡಿಯೂರಿ ಅದನ್ನು ಮಣ್ಣಿನ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿದ. ಎತ್ತಿ ಪಕ್ಕಕ್ಕಿಟ್ಟು ಮತ್ತೆ ಒತ್ತಿದ. ಅಂಚಿನಲ್ಲಿ ಮಣೆ ಕೂರದ ಕಡೆ ನಾನು ಬರಿಗೈಯಲ್ಲಿ ಒತ್ತುತ್ತ ಬಂದೆ. ಮಣ್ಣು ತಣ್ಣಗಿತ್ತು. ಬಹಳ ವರ್ಷಗಳ ಕೆಳಗೆ, ಅವ್ವನಿಗೆ ಮಂಡಿನೋವು ಶುರುವಾದಾಗ, ಹೀಗೇ ಅವನೊಂದು ಕಡೆ ನಾನೊಂದು ಕಡೆ ಕೂತು ಅವಳ ಕಾಲು ಒತ್ತುತ್ತಿದ್ದೆವು. "ಸಾಕು ಬಿಡ್ರೋ, ಓದ್ಕಳ್ಳಿ ಹೋಗಿ," ಅನ್ನುತ್ತಿದ್ದಳು. ಒತ್ತಿ ಮುಗಿದಾಗ ಅಣ್ಣನಿಗೆ ಏಳಲು ಆಗಲಿಲ್ಲ, ಅತ್ತಿಗೆ ಕೈಕೊಟ್ಟು ಎಬ್ಬಿಸಿದರು. ಅಷ್ಟು ಹೊತ್ತಿಗೆ ತುಂತುರು ಹನಿಯತೊಡಗಿತು.

ಈ ಹುಲ್ಲು ಮೊದಲಿನದರ ಹಾಗೆ ಅವಸರ ಮಾಡಲಿಲ್ಲ. ಮುಂದಿನ ಭಾನುವಾರ ಬರೀ ಮಣ್ಣು. ಅದರ ಮುಂದಿನ ಭಾನುವಾರವೂ ಮಣ್ಣೇ ಅಂದುಕೊಂಡು ಹೊರಟಿದ್ದೆ, ಕೆಳಗೆ ಕೂತು ಓರೆಯಾಗಿ ನೋಡಿದಾಗ ಹಸಿರು ಧೂಳು ಎರಚಿದ ಹಾಗೆ ಕಂಡಿತು. ಗಣೇಶನ ಹಬ್ಬದ ಹೊತ್ತಿಗೆ ಗಟ್ಟಿ ಎಲೆಗಳು ಬಂದು ಬಳ್ಳಿ ಹರಿಯಲು ಶುರುವಾಯಿತು. ನಡುವೆ ಪಾರ್ಥೇನಿಯಂ ಹುಟ್ಟಿತು, ಮುಟ್ಟಿದರೆ ಮುನಿ ಹುಟ್ಟಿತು. ಅಣ್ಣ ಹಳೆಯ ಚಾಕು ತರಲು ಶುರುಮಾಡಿದ. ದಸರೆಯ ಆಚೀಚೆ ಅವನು ಹೇಳಿದ್ದಂಥ ಮಳೆ ಬಂತು. ಒಂದು ಮೂಲೆ ಕೊಚ್ಚಿಹೋಯಿತು, ಉಳಿದದ್ದು ನಿಂತಿತು. ಹೊಂಗೆಯ ನೆರಳು ಬೀಳುವ ಕಡೆ ಮಾತ್ರ ಹುಲ್ಲು ಹಿಡಿಯಲೇ ಇಲ್ಲ. ಈಗಲೂ ಅಲ್ಲಿ ಒಂದು ತಟ್ಟೆಯಷ್ಟು ಬೋಳು.

ವರ್ಷದ ಪುಣ್ಯಸ್ಮರಣೆಗೆ ದಾವಣಗೆರೆಯಿಂದ ಚಿಗವ್ವ ಬಂದಳು, ಅವ್ವನ ತಂಗಿ. ಅವಳಿಗೆ ಕಣ್ಣು ಮಂಜು. ಸಮಾಧಿಯ ಮುಂದೆ ನಿಲ್ಲಿಸಿದಾಗ ಹುಬ್ಬಿನ ಮೇಲೆ ಕೈಯಿಟ್ಟು ನೋಡಿ, ನಾಲ್ಕು ಜನ ನೆಂಟರ ಎದುರೇ ಅಂದಳು: "ಏನ್ರೋ ಇದು? ನಮ್ಮಕ್ಕನ ಮೇಲೆ ಹುಲ್ಲು ಬೆಳೆದೈತಲ್ಲ. ನೋಡೋರು ಗತಿಯಿಲ್ದಂಗೆ."

ಅಣ್ಣ ಮುಂದೆ ಬಂದ.

"ಬೆಳೆದಿರೋದಲ್ಲ ಚಿಗವ್ವ, ಬೆಳೆಸಿರೋದು. ಯಾವ ಬೀಜ, ಯಾವ ಮಳೆ ಅಂತೆಲ್ಲ ನೋಡಿ ಹಾಕಿರೋದು. ಮುಟ್ಟಿ ನೋಡು ಬೇಕಾದ್ರೆ."

ಚಿಗವ್ವ ಕೋಲು ನನ್ನ ಕೈಗೆ ಕೊಟ್ಟು ಕೂತಳು. ಹುಲ್ಲಿನ ಮೇಲೆ ಕೈಯಾಡಿಸಿ ಒಂದು ಎಳೆ ಹಿಡಿದು ಗೆಣ್ಣು ಎಣಿಸಿದಳು. "ಗರಿಕೆ ಅಲ್ಲೇನೋ ಇದು? ಇದ್ನ ಕಿತ್ತು ಕಿತ್ತು ಬೆರಳು ಸವೆಸ್ಕಂಡಿದ್ಲಲ್ಲೋ ನಮ್ಮಕ್ಕ," ಅಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ, "ಇರ್ಲಿ ಬಿಡು. ತಣ್ಣಗೈತೆ," ಅಂದು, ಉಳಿದವರು ಪೂಜೆ ಮುಗಿಸುವವರೆಗೂ ಅಲ್ಲೇ ಕೂತಿದ್ದಳು.

ಅಣ್ಣ ಕಲ್ಲನ್ನು ಪೂರ್ತಿ ಬಿಟ್ಟಿದ್ದಾನೆ ಅಂತ ಹೇಳಲಾರೆ. ಕರಿಕಲ್ಲಿನ ಚಿತ್ರ ಅವನ ಫೋನಿನಲ್ಲಿ ಇನ್ನೂ ಇದೆ. "ಮುಂದಿನ ವರ್ಷ ನೋಡೋಣ," ಅನ್ನುತ್ತಾನೆ. ಅಂದು, ಅತ್ತಿಗೆಯ ಹೊಲಿಗೆ ಕತ್ತರಿ ತಂದು ಹುಲ್ಲಿನ ಅಂಚು ಕತ್ತರಿಸುತ್ತಾನೆ.

ಈ ಬೇಸಿಗೆಯಲ್ಲಿ ಅವ್ವನ ಸಾಲಿನಲ್ಲೇ, ನಾಲ್ಕು ಜಾಗ ಆಚೆ, ಹೊಸ ದಿಬ್ಬ ಬಂತು. ಅಲ್ಲಿಗೆ ಭಾನುವಾರಗಳಲ್ಲಿ ಮೂಡಲಪಾಳ್ಯದಿಂದ ಒಬ್ಬ ಹೆಂಗಸು ಬರುತ್ತಾರೆ, ನನಗಿಂತ ಬಹಳ ಚಿಕ್ಕವರು. ಗಂಡ ತೀರಿಹೋಗಿದ್ದಾರೆ. ಎರಡು ಮೂರು ವಾರ ನನ್ನ ಹುಲ್ಲನ್ನು ದೂರದಿಂದ ನೋಡಿದವರು ಒಂದು ದಿನ ಹತ್ತಿರ ಬಂದರು.

"ಆಂಟಿ, ಇದು ಯಾವ ಹುಲ್ಲು? ಬೀಜ ಎಲ್ಲಿ ಸಿಗತ್ತೆ?"

ಹೇಳಿದೆ. ಅಂಗಡಿ ಹೇಳಿದೆ, ಒದ್ದೆಬಟ್ಟೆಯಲ್ಲಿ ಪರೀಕ್ಷೆ ಮಾಡುವುದು ಹೇಳಿದೆ, ಮರಳು ಬೆರೆಸುವುದು ಹೇಳಿದೆ. "ಆದ್ರೆ ಈಗ ಹಾಕ್ಬೇಡಮ್ಮ. ಮಣ್ಣು ಇನ್ನೂ ಇಳಿಯತ್ತೆ. ಬಿಸಿಲೂ ಜೋರು. ಶ್ರಾವಣಕ್ಕೆ ಹಾಕು, ನಾನ್ ಬೇಕಾದ್ರೆ ಜೊತೆಗಿರ್ತೀನಿ," ಅಂದೆ.

"ಶ್ರಾವಣ ಅಂದ್ರೆ ಇನ್ನೂ ಎಷ್ಟು ದಿನ ಆಗತ್ತಲ್ವಾ ಆಂಟಿ," ಅಂದರು. ನಾನು ತಲೆಯಾಡಿಸಿದೆ. ಅವರೂ ಆಗಲಿ ಅನ್ನುವ ಹಾಗೆ ತಲೆಯಾಡಿಸಿ ಹೋದರು.

ಮುಂದಿನ ಭಾನುವಾರ ಹೋದಾಗ ಅವರು ಬಂದು ಹೋಗಿದ್ದರು. ದಿಬ್ಬದ ಮೇಲೆ ಮರಳು ಉದುರಿಸಿದ ಗುರುತು, ಅದರ ಮೇಲೆ ನೀರು ಚಿಮುಕಿಸಿ ಒಣಗಿದ ಕಲೆ. ಇರುವೆಗಳು ಸಾಲುಗಟ್ಟಿ ಬೀಜ ಹೊರುತ್ತಿದ್ದವು. ಈ ಬಿಸಿಲಿಗೆ ಅದು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಮಳೆಗೆ ಮಣ್ಣು ಕುಸಿದಾಗ ಎಲ್ಲ ಮೊದಲಿಂದ ಮಾಡಬೇಕು. ತೊಟ್ಟಿಯಲ್ಲಿ ನೀರೂ ಕಡಿಮೆಯಿತ್ತು. ನಾನು ಬಿಂದಿಗೆ ತುಂಬಿಕೊಂಡು ಬಂದು, ಇರುವೆಗಳನ್ನು ಒಂದು ಎಲೆಯಿಂದ ಆಚೆ ಸರಿಸಿ, ಮೊದಲು ಅಲ್ಲಿಗೆ ಚಿಮುಕಿಸಿದೆ.